ಪಾಸ್‌ಪೋರ್ಟಿನ ಅರಿಶಿನ

ಭಾನು,

ಚೆಸ್ ಕ್ಲಾಸಿನಿಂದ ಬಂದವಳೇ ಪಾಸ್‌ಪೋರ್ಟ್ ಹುಡುಕಬೇಡ. ಅದು ನನ್ನ ಹತ್ತಿರ ಇದೆ, ಗುಂಡ್ಲುಪೇಟೆಗೆ ಹೋಗುತ್ತಿದ್ದೇನೆ.

ಮುದ್ದೆ ಹಾಟ್‌ಬಾಕ್ಸಿನಲ್ಲಿದೆ, ಸಾರು ಬಿಸಿ ಮಾಡಿಕೋ. ಊಟ ಮಾಡಿ ಆಮೇಲೆ ಮುಂದಕ್ಕೆ ಓದು.

ಬೆಳಿಗ್ಗೆ ಪಾಸ್‌ಪೋರ್ಟನ್ನು ದೇವರ ಮುಂದೆ ಇಟ್ಟು ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ಅದು ಒಳಗೆ ಇಳಿದು ನಿನ್ನ ಫೋಟೋ ಇರುವ ಹಾಳೆಯ ಅಂಚು ಹಳದಿಯಾಗಿದೆ. ಇದು ನಡೆಯುತ್ತದೋ ಇಲ್ಲವೋ ಎಂದು, ವಿಮಾನದ ಟಿಕೆಟ್ ಮಾಡಿಸಿಕೊಟ್ಟ ಗುಂಡ್ಲುಪೇಟೆಯ ನಾಗೇಂದ್ರನಿಗೆ ಫೋನ್ ಮಾಡಿದರೆ, "ಉಜ್ಜಕ್ಕೋಗ್ಬೇಡ ಕಣಕ್ಕ, ಅಂಗೇ ತಕಂಡು ಬಾ" ಅಂದ. ಅಷ್ಟರಲ್ಲಿ ಒದ್ದೆ ಬಟ್ಟೆಯಲ್ಲಿ ಒಂದು ಸಲ ಉಜ್ಜಿಬಿಟ್ಟಿದ್ದೆ. ಅವನಿಗೆ ತಿಳಿಯದಿದ್ದರೆ ಮೈಸೂರಿನ ಪಾಸ್‌ಪೋರ್ಟ್ ಕಚೇರಿಗೇ ಹೋಗಿ ಕೇಳುತ್ತೇನೆ. ವಿಮಾನಕ್ಕೆ ಇನ್ನೂ ಒಂಬತ್ತು ದಿನ ಇದೆ. ಇದನ್ನೇ ಬೆಳಗಿನಿಂದ ಎಣಿಸುತ್ತಿದ್ದೇನೆ.

ಅಜ್ಜಿಯನ್ನು ಬೈಯಬೇಡ. "ಕಡಲು ದಾಟೋ ಪುಸ್ತಕ ಕಣಮ್ಮಿ, ಬರಿದಾಗಿ ಕಳಿಸೀಯಾ?" ಎಂದದ್ದು ಮಾತ್ರ ಅವರು. ಹಚ್ಚಿದ ಕೈ ನನ್ನದು. ಆಗಿನಿಂದ ಅವರು ಕಾಫಿಯನ್ನೂ ಮುಟ್ಟಿಲ್ಲ, ನೀನೇ ಕಾಯಿಸಿ ಕೊಡು.

ಸ್ವೆಟರ್ ಇನ್ನೂ ಹಗ್ಗದ ಮೇಲೇ ಇದೆ. ಎಷ್ಟು ಸಲ ಹೇಳಲಿ? ಸರ್ಬಿಯಾದಲ್ಲಿ ಚಳಿ ಎಂದವಳು ನೀನೇ. ಮಡಿಸಿ ಪೆಟ್ಟಿಗೆಯಲ್ಲಿ ಇಡು. ಇನ್ನು ಅಲ್ಲಿನ ಟೂರ್ನಮೆಂಟಿಗೆ ಹೋಗುವುದಿಲ್ಲ ಎಂದುಕೊಂಡು ಪೆಟ್ಟಿಗೆಯಿಂದ ಒಂದು ಬಟ್ಟೆಯನ್ನೂ ಹೊರಗೆ ತೆಗೆಯಬೇಡ.

ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಅಳುತ್ತಾ ಕೂತರೆ ಯಾರೂ ಬಿಡುವುದಿಲ್ಲ ಎಂದು ನಿಮ್ಮ ಆಟದ ನಿಯಮ ಹೇಳಿಕೊಟ್ಟಿದ್ದೆಯಲ್ಲ. ಮುಟ್ಟಿದವಳು ನಾನು. ಅದಕ್ಕೇ ನೀನು ಬರುವತನಕ ಕಾಯದೆ ಹೊರಟೆ.

ಹಂಗಳದಿಂದ ಬರುವ ಬಸ್ಸು ಹಾರನ್ ಹಾಕುತ್ತಿದೆ. ಕೋಳಿಗಳನ್ನು ಒಳಗೆ ಕೂಡಿಹಾಕಿಲ್ಲ, ನೋಡಿಕೋ.

ಅಮ್ಮ