ಸಡಿಲ ಬಿಡದ ಗುಂಡಿಗೆ

ತಾಲಾಯ್‌ಬೆಕ್,

ಇದನ್ನು ನಿನಗೆ ಕಳಿಸುವಷ್ಟು ನಾನಿನ್ನೂ ಸೋತಿಲ್ಲ. ಮೆಟ್ಟಿಲು ಹತ್ತಿದರೆ ಉಸಿರು ಸಿಗುತ್ತಿಲ್ಲವೆಂದು ಇವತ್ತು ನರೀನ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರ್ ಹುಡುಗಿ ಪರದೆಯ ಮೇಲೆ ನನ್ನ ಹೃದಯ ತೋರಿಸಿದಳು.

“ಅಕ್ಕಾ, ವಯಸ್ಸಾಯ್ತಲ್ಲ, ಗುಂಡಿಗೆ ಗೋಡೆ ದಪ್ಪ ಆಗಿ ಪೆಡಸಾಗಿದೆ. ಹಿಂಡೋದೇನೋ ಚೆನ್ನಾಗೇ ಹಿಂಡ್ತದೆ. ಸಡಿಲ ಬಿಡೋಕೇ ಆಗ್ತಿಲ್ಲ. ಬಿಡದಿದ್ರೆ ರಕ್ತ ಒಳಗೆ ತುಂಬೋದು ಹೇಗೆ?”

“ಜೀವಮಾನವೆಲ್ಲ ಮುಷ್ಟಿ ಎತ್ತಿದವಳಮ್ಮ ನಾನು. ಗುಂಡಿಗೆಯೂ ಅದನ್ನೇ ಕಲಿತುಬಿಟ್ಟಿದೆ!”

ಅವಳು ನಗಲಿಲ್ಲ. “ಇನ್ನು ಬೆಟ್ಟದ ಹುಲ್ಲುಗಾವಲಿಗೆ ಹತ್ತಲೇಬೇಡಿ. ಅಲ್ಲಿ ಗಾಳಿ ಸಾಲದು.”

ನಮ್ಮ ಗಣಿ ಕಾರ್ಮಿಕರ ಸಂಘ ಬಿಟ್ಟು ನೀನು ಕುದುರೆ ಕಾಯಲು ಹೋದದ್ದು ಅಲ್ಲಿಗೇ. ಒಂದು ಬೇಸಿಗೆ ಹತ್ತಿ ಬಂದು ನಿನ್ನ ಮುಖಕ್ಕೇ ಬೈಯಬೇಕೆಂದಿದ್ದೆ. ಪೊಲೀಸರ ದೊಣ್ಣೆಗೆ ಹೆದರದವಳಿಗೆ ಈಗ ಕಣ್ಣು ಮುಚ್ಚಲೂ ಹೆದರಿಕೆ. ನೀನೇ ಇಳಿದು ಬಾ ಎಂದು ಬರೆಯಲು ಹೊರಟೆ. ಕೈ ಹಳೆಯ ಬೈಗುಳವನ್ನೇ ಬರೆಯಿತು: ಹೇಡಿ.