ತಲೆ ತೂರದ ಗಿಳಿಯಂಗಿ

ಲೋ ತಮ್ಮಾ, ನನ್ನ ಹೊಲಿಗೆ ಯಂತ್ರ ಮುಟ್ಟು ಅಂತ ನಿನಗೆ ಹೇಳಿದವರಾರು? ಗಿಳಿ ವೇಷದ ಅಂಗಿಗೆ ನಿನ್ನ ಮಗಳ ಕತ್ತಿನ ಸುತ್ತಳತೆಯಷ್ಟೇ ಕೊರಳು ಕತ್ತರಿಸಿದ್ದೀಯಲ್ಲ, ತಲೆ ಎಲ್ಲಿಂದ ತೂರಬೇಕು, ಮೆಕ್ಯಾನಿಕ್ ಮಹಾರಾಯ? ಬೆಳಿಗ್ಗೆ ಅದರೊಳಗೆ ಸಿಕ್ಕಿಕೊಂಡು, "ಅತ್ತೇ, ಗಿಳಿ ಇನ್ನೂ ಮೊಟ್ಟೆಯಿಂದ ಬಂದಿಲ್ಲ!" ಅಂತ ಕಿಲಕಿಲ ನಗುತ್ತಿದ್ದಳು.

ಬೆನ್ನು ಸೀಳಿ ಲಾಡಿ ಹೊಲಿದಿದ್ದೇನೆ. ಬರೀ ಗಂಟು ಹಾಕು, ನಿನ್ನ ಜಾಣತನ ತೋರಿಸಬೇಡ. ನಾಟಕ ಮೂರಕ್ಕೆ; ಎರಡೂವರೆಗೆ ಅವಳು ಶಾಲೆಯಲ್ಲಿರಬೇಕು.

ನೀನು ಹೊಲಿದ ಸೊಟ್ಟ ಬಾಲ ಬಿಚ್ಚಲು ಹೋದೆ. "ಅದು ಅಪ್ಪ ಮಾಡಿದ್ದು, ಮುಟ್ಬೇಡ" ಅಂತ ಕತ್ತರಿಯನ್ನೇ ಬಚ್ಚಿಟ್ಟಳು. ಇರಲಿ ಬಿಡು, ಸೊಟ್ಟಗೇ ಚೆನ್ನಾಗಿದೆ. ಕತ್ತರಿ ಹುಡುಕಿಡು.

ನಾನು ಕೆಲಸಕ್ಕೆ ಹೊರಟೆ. ಮತ್ತೆ ಮನೆಗೆ ಬರುವುದಿಲ್ಲ, ನೇರ ಶಾಲೆಗೇ. ಮುಂದಿನ ಸಾಲಿನಲ್ಲಿ ನಿನಗೂ ಜಾಗ ಹಿಡಿದಿರುತ್ತೇನೆ. ಗ್ರೀಸ್ ಕೈ ತೊಳೆದುಕೊಂಡು ಬಾ.

ಅಕ್ಕ