ಮಸ್ಕಿ ಕ್ಯಾಸೆಟ್ಟಿನ ಗಂಡುದನಿ

ಮಸ್ಕಿ
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಮಗಳು ದಾನೇಶ್ವರಿಗೆ,

ಅಪ್ಪನ ತುಂಬು ಆಶೀರ್ವಾದ. ನಾನು ಕ್ಷೇಮ. ಹೊಸಪೇಟೆಯಲ್ಲಿ ನೀನು, ಅಳಿಯಂದಿರು, ಮೊಮ್ಮಗಳು ಎಲ್ಲ ಚೆನ್ನಾಗಿದ್ದೀರಿ ಎಂದು ನಿನ್ನೆ ಫೋನಿನಲ್ಲೇ ಕೇಳಿದ್ದೇನೆ. ಆದರೂ ಕಾಗದ ಎಂದ ಮೇಲೆ ಇಷ್ಟು ಬರೆಯದಿದ್ದರೆ ಕೈ ಮುಂದಕ್ಕೆ ಹೋಗುವುದಿಲ್ಲ. ದಿನಾ ಮಾತಾಡುವ ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಶುಗರ್ ಇದ್ದಲ್ಲೇ ಇದೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅದೇ ನೆಪ ಮಾಡಿಕೊಂಡು ಮಾತು ಬದಲಿಸಿಬಿಡುತ್ತೇನೆ. ಕಾಗದದಲ್ಲಿ ಹಾಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ತಡವಾದದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಆಗಸ್ಟ್ ತಿಂಗಳಲ್ಲಿ ನೀನು ದುರುಗೇಶನ ಹೊಸ ಆಲ್ಬಂ ಕಳಿಸಿ, "ಅಪ್ಪಾ, ಇದರಾಗಿನ ನಾಕನೇ ಹಾಡು ನಮ್ಮ ಅಂಗಡಿ ಕ್ಯಾಸೆಟ್ಟಿಂದಲ್ಲಾ? ಮೊದ್ಲ ಹಾಡಿದಾಂವ ಯಾರು?" ಎಂದು ಕೇಳಿದ್ದೆ. ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾದೆ. ಯಾರು ಎಂದು ಕೇಳಿದರೆ ಹೆಬ್ಬೆರಳು ತೋರಿಸುವುದು ಉತ್ತರವಲ್ಲ ಎಂಬುದು ನನಗೂ ಗೊತ್ತು. ಉತ್ತರ ಕೊಡಲು ಮೂರು ತಿಂಗಳು ಹಿಡಿಯಿತು.

ದುರುಗೇಶ ಪಾಮನಕಲ್ಲೂರಿನವನು, 'ಎಡದಂಡೆ' ಎಂಬ ರಾಕ್ ಬ್ಯಾಂಡಿಗೆ ಹಾಡು ಬರೆಯುತ್ತಿದ್ದವನು, ಈಗ ಬ್ಯಾಂಡ್ ಬಿಟ್ಟು ಒಬ್ಬನೇ ಈ ಆಲ್ಬಂ ಮಾಡಿದ್ದಾನೆ ಎಂದೆಲ್ಲ ನನಗೆ ಪಾಠ ಹೇಳಿದವಳು ನೀನೇ. ಆಲ್ಬಮ್ಮಿಗೆ 'ಟೇಲೆಂಡ್' ಎಂದು ಹೆಸರಿಟ್ಟಿದ್ದಾನೆ. ಕಾಲುವೆ ನೀರು ಮುಟ್ಟದ ಕೊನೆಯ ಹೊಲಗಳಿಗೆ ನಮ್ಮವರು ಅನ್ನುವ ಮಾತು ಅದು. ಹೆಸರು ನನಗೆ ಕೂಡಲೇ ಹಿಡಿಸಿತು. ಗಿಟಾರು ಹಿಡಿಸಲು ಎರಡು ವಾರ ಬೇಕಾಯಿತು.

ನಮ್ಮ ಅಂಗಡಿಯಲ್ಲಿ ಈಗ ಫ್ಯಾನು, ಮಿಕ್ಸರ್ ರಿಪೇರಿಯೇ ಹೆಚ್ಚು. ಆದರೆ ಕ್ಯಾಸೆಟ್ ಕಾಲದ ಎರಡು ದೊಡ್ಡ ಸ್ಪೀಕರ್ ಇನ್ನೂ ಇವೆಯಲ್ಲ, ಅವುಗಳಲ್ಲಿ 'ಟೇಲೆಂಡ್' ಕೇಳುವುದಕ್ಕೆಂದೇ ಭಾನುವಾರ ಮಧ್ಯಾಹ್ನ ದುರುಗೇಶನ ಅಭಿಮಾನಿಗಳು ಬಂದು ಕೂರುತ್ತಾರೆ. ಮುಖ್ಯವಾಗಿ ಇಬ್ಬರು. ಒಬ್ಬ ಪಕ್ಕದ ಮೊಬೈಲ್ ಅಂಗಡಿಯ ಚನ್ನು. ಇನ್ನೊಬ್ಬಳು ಭಾರತಿ, ಸಿಂಧನೂರಿನಲ್ಲಿ ಬಿ.ಎಡ್. ಓದುವವಳು, ಬಸ್ಸು ಹತ್ತಿ ಜಗಳವಾಡಲಿಕ್ಕೆಂದೇ ಬರುತ್ತಾಳೆ. ಚಹಾ ನನ್ನದು, ಗದ್ದಲ ಅವರದು.

"ಇದು ಪೂರಾ ಫಾರಿನ್ ಶೈಲಿ," ಎನ್ನುತ್ತಾನೆ ಚನ್ನು. "ಗಿಟಾರ್ ತಂತಿ ಸಡ್ಲ ಬಿಟ್ಟಾನ, ತಾಳ ಎಳ್ದಾನ. ಇಂಥಾ ಮಂದ ರಾಕು ಆ ಕಡೆ ಮೂವತ್ತು ವರ್ಷದಿಂದ ಐತಿ. ನೆಟ್‌ನ್ಯಾಗ ಎಲ್ಲಾ ಬರ್ದಾರ ನೋಡು."

"ನಿನಗ ಫಾರಿನ್ ಅಂದ್ರ ಒಂದು ಸಮಾಧಾನ," ಎನ್ನುತ್ತಾಳೆ ಭಾರತಿ. "ಇದು ತತ್ವಪದ. ಕೆಳಗ ಗುಂಯ್ ಅಂತೈತಲ್ಲ, ಅದು ಏಕತಾರಿ. ನಮ್ಮೂರ ಭಜನ್ಯಾಗ ಬಂದು ಕೂಡು, ತಿಳೀತತಿ."

"ಭಜನಿ ಇಷ್ಟು ನಿಧಾನ ಇರ್ತತೇನವಾ? ನಿದ್ದಿ ಬಂದು ಬಿದ್ದಾರು."

ಇದು ನಾಲ್ಕು ಭಾನುವಾರ ನಡೆಯಿತು. ಐದನೆಯದಕ್ಕೆ ಜವಳಗೇರಾದ ಹಾಜಿಸಾಬ ಟೇಬಲ್ ಫ್ಯಾನ್ ರಿಪೇರಿಗೆ ತಂದಿದ್ದ. ಮೂವತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದವನು, ಕಿವಿ ಸ್ವಲ್ಪ ಮಂದ. ನಾಲ್ಕನೇ ಹಾಡು ಬಂದದ್ದೇ ತಲೆ ಎತ್ತಿದ. "ಇಬ್ರೂ ಸುಮ್ನಿರ್ರಿ," ಎಂದ. "ಇದು ಮಸ್ಕಿ ಕ್ಯಾಸೆಟ್ ಅದ. ತೊಂಬತ್ತಾರರಾಗ ನನ್ನ ಟ್ರ್ಯಾಕ್ಟರ್‌ನ್ಯಾಗ ಹಗಲೆಲ್ಲಾ ಇದೇ ಓಡ್ತಿತ್ತು. ಖುದಾನ ಆಣಿ. ಕೇಳ್ರಿ ನಿಮ್ಮ ಅಮರಗುಂಡಪ್ಪಣ್ಣಗ, ಅವ್ರೇ ಮಾರಿದ್ದು," ಎಂದು ನನ್ನ ಕಡೆ ಕೈ ಮಾಡಿದ.

ಮುಂದಿನ ವಾರ ಆ ಮಹಾನುಭಾವ ಕ್ಯಾಸೆಟ್ಟನ್ನೂ ತಂದ. ಪ್ಲಾಸ್ಟಿಕ್ ಚೀಲದೊಳಗೆ ಬಟ್ಟೆ, ಬಟ್ಟೆಯೊಳಗೆ ಕ್ಯಾಸೆಟ್. 'ಮಸ್ಕಿ ಹಾಡುಗಳು' ಎಂದು ನನ್ನದೇ ಅಕ್ಷರ. ಚನ್ನು ಅದನ್ನು ಹಚ್ಚಿದ. ದುರುಗೇಶನ ಶ್ರುತಿ, ದುರುಗೇಶನ ನಡೆ, ಪದದ ಕೊನೆಯನ್ನು ಅವನು ಕೆಳಕ್ಕೆ ಎಳೆಯುವ ರೀತಿ, ಎಲ್ಲ ಅಲ್ಲಿತ್ತು.

"ಕಾಲುವಿ ನೀರಿಗೆ ತೂಬೈತಿ, ತವರಿನ ನೆನಪಿಗೆ ತೂಬಿಲ್ಲ" ಎಂದು ಆ ಗಂಡುದನಿ ಹಾಡುತ್ತಿತ್ತು.

ಚನ್ನು ಅದನ್ನೇ ಎರಡು ಸಲ ಹಿಂದಕ್ಕೆ ಓಡಿಸಿ ಕೇಳಿದ. ಆಮೇಲೆ ಭಾರತಿ, "ಗಂಡಸಾಗಿ ಹೆಣ್ಣಿನ ಸಂಕಟ ಇಷ್ಟು ಹೊಕ್ಕು ಹಾಡ್ಯಾನಂದ್ರ ಅಂವ ಸಾಮಾನ್ಯ ಮನ್ಷಾ ಅಲ್ಲ ಬಿಡ್ರಿ. ಯಾರ್ರೀ ಕಾಕಾ ಅಂವ?" ಎಂದು ಕೇಳಿದಳು. ನಾನು ಹಾಜಿಸಾಬನ ಫ್ಯಾನಿನ ಜಾಲರಿ ಬಿಗಿಯುತ್ತಿದ್ದೆ. ಬಿಗಿದದ್ದನ್ನೇ ಇನ್ನೊಮ್ಮೆ ಬಿಗಿದೆ. "ನೆನಪಿಲ್ಲವಾ, ಬಾಳ ಹಳೇದು" ಎಂದೆ.

ಚನ್ನು ಸುಮ್ಮನಿರುವ ಪ್ರಾಣಿಯಲ್ಲ. ಎರಡೂ ಹಾಡನ್ನು ಜೋಡಿಸಿ ಅಭಿಮಾನಿಗಳ ಗುಂಪಿಗೆ ಹಾಕಿದ. ಕದ್ದಿದ್ದಾನೆ ಎಂದರು ಕೆಲವರು, ಗುರುವಿಗೆ ನಮಸ್ಕಾರ ಮಾಡಿದ್ದಾನೆ ಎಂದರು ಕೆಲವರು. ಆ ಹೆಸರಿಲ್ಲದ ಗಾಯಕನಿಗೆ ಯಾರೋ ಒಬ್ಬರು ಗಡ್ಡ, ತಲೆಗೆ ರುಮಾಲು ಇಟ್ಟು ಚಿತ್ರವನ್ನೂ ಬರೆದರು. ನೀನೂ ಆ ಗುಂಪಿನಲ್ಲಿದ್ದೀಯ, ನೋಡಿರಬೇಕು.

ಕಳೆದ ಭಾನುವಾರ ಲಿಂಗಸುಗೂರು ಬಸ್ಸಿನಿಂದ ದುರುಗೇಶನೇ ಇಳಿದು ಬಂದ. ಸಣಕಲು ಹುಡುಗ, ಬೆನ್ನಿಗೆ ಗಿಟಾರಿನ ಚೀಲ. ಚನ್ನು ತಾನೇ ಓಡಿಹೋಗಿ ಚಹಾ ತಂದ, ಇಷ್ಟು ವರ್ಷದಲ್ಲಿ ಅದೇ ಮೊದಲು. ದುರುಗೇಶ ನನ್ನ ಕಾಲು ಮುಟ್ಟಿ ಕೆಳಗೇ ಕೂತ.

"ನಮ್ಮವ್ವ ಆದಮ್ಮ ಅಂತರೀ, ನಾಟಿ ಹಚ್ಚಾಕ ಹೊಕ್ಕಿದ್ಲು. ಟ್ರ್ಯಾಕ್ಟರ್‌ನ್ಯಾಗ ಕೇಳಿದ್ದು ಮನಿಗೆ ಬಂದು ಗುನುಗ್ತಿದ್ಲು. ನಾ ಗಿಟಾರ್ ಕಲ್ತದ್ದು ಆ ಕ್ಯಾಸೆಟ್ ಮುಂದ ಇಟ್ಕೊಂಡು. ಅವನ ಶ್ರುತಿಗೆ ಕೂಡ್ಲಿ ಅಂತ ತಂತಿ ಇಳಿಸಿದೆ. ಅಂವ ಎಷ್ಟು ನಿಧಾನ ಹಾಡ್ಯಾನ, ನಾನೂ ಅಷ್ಟೇ ನಿಧಾನ. ನನ್ನ ಹಾಡೆಲ್ಲಾ ಅಂವಂದೇ ರೀ."

ಈಗ ಅವನ ಆಲ್ಬಂ ದೊಡ್ಡ ತಟ್ಟೆಯಾಗಿ ಬರುತ್ತದಂತೆ, ಹಳೇ ಗ್ರಾಮಫೋನಿನ ಹಾಗೆ. ಹೊದಿಕೆಯ ಮೇಲೆ 'ಮೂಲ ದನಿ: ಹೆಸರು ತಿಳಿಯದ ಮಸ್ಕಿಯ ಅಣ್ಣ' ಎಂದು ಬರೆಸಿಟ್ಟಿದ್ದಾನೆ. ಬರುವ ಸೋಮವಾರ ಅಚ್ಚಿಗೆ ಹೋಗುತ್ತದೆ. "ಅಷ್ಟರೊಳಗ ಅವನ ಹೆಸರು ಹೇಳ್ರಿ. ಬದುಕಿದ್ರ ಕಾಲು ಮುಗೀತೀನಿ, ಇಲ್ಲಾಂದ್ರ ಹೆಸ್ರಾರ ಇರ್ಲಿ" ಎಂದ. ಆಮೇಲೆ ತಾನೇ ನಕ್ಕು, "ನಮ್ಮವ್ವ ಒಪ್ಪೂದಿಲ್ರೀ. ಗಂಡಸಿಗೆ ಇದು ಗೊತ್ತಾಗೂದಲ್ಲ, ಅಂವ ಯಾವುದೋ ಹೆಣ್ಮಗಳ ಹತ್ರ ಕಲ್ತಾನ ಅಂತಾಳ" ಎಂದ. ಸೋಮವಾರದೊಳಗೆ ಹೇಳುತ್ತೇನೆ ಎಂದು ಕಳಿಸಿದೆ.

ದಾನೇಶ್ವರಿ, ಆ ಅಣ್ಣ ನಿನ್ನ ಅವ್ವ.

ನಿನಗೆ ಅವ್ವನ ದನಿಯೇ ನೆನಪಿಲ್ಲ. ಆಕೆ ಕಾಮಾಲೆಯಲ್ಲಿ ಹೋದಾಗ ನಿನಗೆ ಆರು ವರ್ಷ. ಎಂಟನೇ ಇಯತ್ತೆಯಲ್ಲಿದ್ದಾಗ ಒಮ್ಮೆ ನೀನು, "ಅವ್ವ ಹಾಡ್ತಿದ್ಲೇನು?" ಎಂದು ಕೇಳಿದ್ದೆ. ನಾನು ಇಲ್ಲ ಎಂದಿದ್ದೆ. ಹಾಡುತ್ತಿದ್ದಳು. ಕಸ್ತೂರೆಮ್ಮ ವಳಕಮದಿನ್ನಿಯಿಂದ ನಮ್ಮ ಮನೆಗೆ ಬಂದಾಗ ನಾಟಿಯ ಹೆಣ್ಣುಮಕ್ಕಳ ಹಾಡುಗಳನ್ನೆಲ್ಲ ಹೊತ್ತು ಬಂದಿದ್ದಳು. ತೂಬಿನ ಹಾಡು ಮಾತ್ರ ಆಕೆಯೇ ಕಟ್ಟಿದ್ದು. ನೀನು ಹುಟ್ಟಿದ ಮರುವರ್ಷ, "ನೀವು ಊರ ಮಂದಿ ಕ್ಯಾಸೆಟ್ ಎಲ್ಲಾ ಮಾಡ್ತೀರಿ, ನಂದೊಂದು ಮಾಡ್ರಿ. ನಮ್ಮೂರಿಗೂ ಕೇಳ್ಲಿ" ಎಂದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಮೂರು ಮಧ್ಯಾಹ್ನ ಕೂತು ಮಾಡಿದೆವು. ಏಕತಾರಿ ಹಿಡಿದವನು ನಾನು. ದುರುಗೇಶ ಗಿಟಾರಿನಲ್ಲಿ ಅನುಕರಿಸಿದ್ದು ಅದನ್ನೇ, ಚನ್ನು ಅದನ್ನು ಫಾರಿನ್ ಎನ್ನುತ್ತಾನೆ, ಎನ್ನಲಿ ಪಾಪ.

ಹೆಣ್ಣುದನಿ ಗಂಡಾದದ್ದು ಹೇಗೆ ಎಂದು ಕೇಳುತ್ತೀಯ. ಆ ಕಾಲದ ಕರೆಂಟು ನಿನಗೆ ಗೊತ್ತಿಲ್ಲ. ವೋಲ್ಟೇಜ್ ಬಿದ್ದರೆ ಬಲ್ಬು ಕೆಂಪಗಾಗುತ್ತಿತ್ತು. ಪ್ರತಿ ತೆಗೆಯುವಾಗ ಮೂಲ ಕ್ಯಾಸೆಟ್ ಓಡಿಸುವ ಟೇಪ್ ಡೆಕ್ಕು ನಿಧಾನ ಓಡಿತು. ದನಿ ದಪ್ಪವಾಯಿತು, ಏಕತಾರಿ ಗುಂಯ್ ಎಂದಿತು. ಹಾಗೇ ಮುನ್ನೂರು ಪ್ರತಿ ಹೊರಗೆ ಹೋದವು. ಅಂದರೆ ನಮ್ಮ ಅಭಿಮಾನಿಗಳು ಮೂರು ತಿಂಗಳಿಂದ ಬಡಿದಾಡುತ್ತಿರುವುದು ಫಾರಿನ್ನಿಗೂ ಅಲ್ಲ, ತತ್ವಪದಕ್ಕೂ ಅಲ್ಲ, ಒಂದು ಕೆಟ್ಟ ಡೆಕ್ಕಿಗೆ.

ಮೊನ್ನೆ ಮಂಗಳವಾರ ಹಾಜಿಸಾಬನ ಕ್ಯಾಸೆಟ್ ಇಸಿದುಕೊಂಡು ಕೂತೆ. ಮೂಲ ಕ್ಯಾಸೆಟ್ ಯಾವಾಗಲೋ ಬೂಷ್ಟು ಹಿಡಿದು ಹಾಳಾಗಿತ್ತು. ಡೆಕ್ಕಿನ ಮೋಟಾರಿನ ಹಿಂದೆ ಒಂದು ಸಣ್ಣ ತಿರುಪು ಇರುತ್ತದೆ, ಅದನ್ನು ತಿರುಗಿಸಿದರೆ ಓಟ ಹೆಚ್ಚು ಕಡಿಮೆಯಾಗುತ್ತದೆ. ನಾನು ಏಕತಾರಿಯನ್ನು ಯಾವಾಗಲೂ ನಮ್ಮ ಹಾರ್ಮೋನಿಯಂನ ಎರಡನೇ ಕಪ್ಪು ಮನೆಯ ಸ್ವರಕ್ಕೆ ಶ್ರುತಿ ಮಾಡುತ್ತಿದ್ದೆ. ಹಾಗಾಗಿ ಒಂದು ಕೈಯಲ್ಲಿ ಹಾರ್ಮೋನಿಯಂ ಒತ್ತಿ, ಇನ್ನೊಂದರಲ್ಲಿ ತಿರುಪು ತಿರುಗಿಸುತ್ತಾ ಹೋದೆ. ಏಕತಾರಿ ಮೇಲೇರಿ ಮೇಲೇರಿ ಹಾರ್ಮೋನಿಯಂನೊಂದಿಗೆ ಕೂಡಿತು. ಆಗ ನಿನ್ನ ಅವ್ವ ಹಾಡುತ್ತಿದ್ದಳು. ಅದೆಷ್ಟು ಎಳೆಯ ದನಿ! ಇಪ್ಪತ್ತಮೂರು ವರ್ಷದ ಹುಡುಗಿ. ನಾನು ಮುದುಕನಾಗಿದ್ದೇನೆ ಎಂದು ನನಗೆ ನಾಚಿಕೆಯಾಯಿತು. ಪೂರ್ತಿ ಕೇಳಲು ಆಗಲಿಲ್ಲ, ಅಳು ಬಂತು. ಮರುದಿನ ಧೈರ್ಯ ಮಾಡಿ ಕೇಳಿ, ಪೆನ್‌ಡ್ರೈವಿಗೆ ಹಾಕಿದ್ದೇನೆ. ಈ ಕಾಗದದ ಜೊತೆ ಇಟ್ಟಿದ್ದೇನೆ. ಕೇಳುವಾಗ ಒಬ್ಬಳೇ ಕೇಳು, ಆಮೇಲೆ ಎಲ್ಲರಿಗೂ ಕೇಳಿಸು.

ನಿನ್ನ ದೊಡ್ಡಪ್ಪ ಸಂಗನಬಸವಣ್ಣನಿಗೆ ಹೇಳಿದೆ. "ಈಗ್ಯಾಕ ಕೆದಕ್ತಿ? ನಮ್ಮ ಮನಿ ಸೊಸಿ ಕೂಲಿಯವರ ಹಾಡು ಹಾಡಿದ್ಲು ಅಂತ ಊರ ತುಂಬಾ ಹೇಳ್ಕೊಂತ ಅಡ್ಡಾಡ್ತಿಯೇನು? ಸತ್ತಾಕೀಗೆ ಹೆಸ್ರು ಬಂದು ಏನಾಗೂದೈತಿ?" ಎಂದ. ಅವನ ಮಾತಿಗೆ ಎದುರಾಡಿ ನನಗೆ ರೂಢಿಯಿಲ್ಲ. ಆದರೂ, "ಆಗೂದೈತಿ" ಎಂದು ಎದ್ದು ಬಂದೆ.

ಅವನಿಗಿಂತ ದುರುಗೇಶನದೇ ನನಗೆ ಚಿಂತೆ. ಬದುಕೆಲ್ಲ ಒಬ್ಬ ಅಣ್ಣನ ಹಿಂದೆ ಹಾಡಿಕೊಂಡು ಬಂದವನಿಗೆ, ಆ ಅಣ್ಣನೇ ಇಲ್ಲ, ನೀನು ಕಲಿತ ನಿಧಾನವೂ ಡೆಕ್ಕಿನದು ಎಂದರೆ ತಲೆಯ ಮೇಲೆ ತಣ್ಣೀರು ಸುರಿದಂತಾಗುತ್ತದೇನೋ. ಆದರೆ ಹಾಡು ಅವನು ಚೆನ್ನಾಗಿಯೇ ಹಾಡಿದ್ದಾನೆ, ತಪ್ಪು ಡೆಕ್ಕಿನಿಂದ ಕಲಿತರೂ. ಅಷ್ಟು ಅವನಿಗೆ ಹೇಳುತ್ತೇನೆ.

'ಮೂಲ ದನಿ: ಕಸ್ತೂರೆಮ್ಮ, ವಳಕಮದಿನ್ನಿ' ಎಂದು ಬರೆಸಬೇಕೆಂದಿದ್ದೇನೆ. ನಮ್ಮ ಮನೆತನದ ಹೆಸರು ಬೇಡ, ಆಕೆಯ ಊರೇ ಇರಲಿ. ಆದರೆ ಪರರಿಗಿಂತ ಮೊದಲು ಇದು ನಿನಗೆ ಗೊತ್ತಾಗಬೇಕು. ಶನಿವಾರದೊಳಗೆ ಈ ಲಕೋಟೆ ನಿನಗೆ ಮುಟ್ಟುವಂತೆ ಹೊಸಪೇಟೆ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತೇನೆ. ಓದಿ, ಕೇಳಿ, ಹ್ಞೂಂ ಎಂದು ಒಂದು ಮಾತು ಹೇಳು. ನೀನು ಬೇಡ ಎಂದರೆ ಮಾತ್ರ ನಾನು ನಿಲ್ಲಿಸುತ್ತೇನೆ, ನಿನ್ನ ದೊಡ್ಡಪ್ಪನಿಗಾಗಿ ಅಲ್ಲ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಮೊಮ್ಮಗಳು ಶಿವಕುಮಾರಿಯ ಕೆಮ್ಮು ಇಳಿದಿದೆ ಎಂದೆ ನೀನು, ಆದರೂ ಸಂಜೆ ಕಿವಿ ಮುಚ್ಚಿ ಹೊರಗೆ ಕರೆದುಕೊಂಡು ಹೋಗು. ನಿನ್ನ ಮನೆ ತುಂಬಿರಲಿ, ನಿನ್ನ ಮಾತು ನಡೆಯುವ ಮನೆಯಾಗಿರಲಿ. ಶಿವ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಅಮರಗುಂಡಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ವೋಲ್ಟೇಜ್ ಎಂದು ಬರೆದದ್ದು ಸುಳ್ಳು. ಅಂಥ ಮೋಟಾರು ವೋಲ್ಟೇಜಿಗೆ ಅಷ್ಟೆಲ್ಲ ಬಗ್ಗುವುದಿಲ್ಲ, ಕೆಲಸ ಬಲ್ಲವರಿಗೆ ಗೊತ್ತು. ಮೊದಲ ಹತ್ತು ಪ್ರತಿ ಸರಿಯಾದ ಓಟದಲ್ಲೇ ತೆಗೆದಿದ್ದೆ. ಒಂದನ್ನು ಅಂಗಡಿ ಮುಂದೆ ಹಾಕಿದಾಗ ಸಂತೆಗೆ ಬಂದವರೊಬ್ಬರು, "ಯಾರ ಮನಿ ಹೆಣ್ಮಗಳ್ರೀ?" ಎಂದು ಕೇಳಿದರು. ಮೆಚ್ಚಿಯೇ ಕೇಳಿದರು. ನಿನ್ನ ಅಜ್ಜ ಅಲ್ಲೇ ಕೂತಿದ್ದರು. ನನ್ನ ಕಡೆ ಒಮ್ಮೆ ನೋಡಿದರು ಅಷ್ಟೆ. ಅವತ್ತೇ ಆ ಹತ್ತನ್ನೂ ಅಳಿಸಿ, ನನ್ನ ಕೈಯಾರೆ ತಿರುಪು ತಿರುಗಿಸಿದೆ. ದನಿ ಗಂಡಸಿನದಾಗುವವರೆಗೆ ತಿರುಗಿಸಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ನಿನ್ನ ಅವ್ವನಿಗೆ ಹೇಳಲಿಲ್ಲ.

ತಿಂಗಳ ಮೇಲೆ ಒಂದು ಸಂಜೆ ಭತ್ತದ ಟ್ರ್ಯಾಕ್ಟರೊಂದು ಅದನ್ನು ಹಾಕಿಕೊಂಡು ನಮ್ಮ ಮನೆ ಮುಂದೆ ಹೋಯಿತು. ಆಕೆ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತಿರುವು ದಾಟುವ ತನಕ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಚಲೋ ಹಾಡ್ಯಾನ. ಯಾರಂತ ಅಂವ?" ಎಂದಳು. ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡು ನಾನು ನಕ್ಕೆ. ಆಕೆ ನಗಲಿಲ್ಲ.

ಆಮೇಲೆ ಐದು ವರ್ಷ ಬದುಕಿದ್ದಳು, ಒಂದು ಸಾಲೂ ಹಾಡಲಿಲ್ಲ. ನಿನ್ನ ತೊಟ್ಟಿಲಿಗೆ ಜೋಗುಳ ಹಾಡಿದ್ದು ನಿನ್ನ ಅಜ್ಜಿ. ಅವ್ವ ಪಕ್ಕದಲ್ಲಿ ಕೂತು ಹಗ್ಗ ಜಗ್ಗುತ್ತಿದ್ದಳು.